ನಾಲ್ಕನೆಯ ಎಣಿಕೆ

“ಒಂದು, ಎರಡು, ಮೂರು. ಐದು, ಆರು, ಏಳು.”

ಮಾರ್ಲೆನ್ ಚಪ್ಪಾಳೆ ತಟ್ಟುತ್ತ ಜಪಾನಿಯಲ್ಲಿ ಎಣಿಸುತ್ತಿದ್ದಳು. ಗೋಡೆಗನ್ನಡಿಯ ಮುಂದೆ ಎರಡು ಸಾಲಾಗಿ ನಿಂತ ಹದಿನಾಲ್ಕು ಜನ ಹೆಜ್ಜೆ ಹಾಕುತ್ತಿದ್ದರು. ಹದಿನೈದನೆಯವಳು ವಸುಂಧರಾ. ಅವಳ ಕಾಲು ಪ್ರತಿ ಸುತ್ತಿನಲ್ಲೂ ಸರಿಯಾಗಿ ನಾಲ್ಕಕ್ಕೆ ನೆಲ ಮುಟ್ಟುತ್ತಿತ್ತು. ಪ್ರತಿ ಸಲವೂ ಅದು ತಪ್ಪಾಗುತ್ತಿತ್ತು.

ಮೈಸೂರಿನಲ್ಲಿ ಎಂಟು ವರ್ಷ ಸಂಗೀತದ ಪಾಠಕ್ಕೆ ಹೋಗಿ, ತೊಡೆ ತಟ್ಟಿ ಆದಿತಾಳ ಕಲಿತವಳು ಅವಳು. ಎಂಟಿದ್ದರೆ ಎಂಟನ್ನೂ ಎಣಿಸುವ ಅಭ್ಯಾಸ.

“ಸುಮಿಮಾಸೆನ್, ಕ್ಷಮಿಸಿ,” ಎಂದಳು. “ನಾಲ್ಕು, ಎಂಟು ಎಲ್ಲಿ ಹೋದವು?”

ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಮಾರ್ಲೆನ್ ನಗಲಿಲ್ಲ.

“ಎಲ್ಲೂ ಹೋಗಿಲ್ಲ, ಅಲ್ಲೇ ಇವೆ. ಅಲ್ಲಿ ಹೆಜ್ಜೆ ಇಡಬಾರದು, ಅಷ್ಟೆ. ಕೊಲಂಬಿಯಾದಲ್ಲಿ ನಮ್ಮೂರು, ಕಾಲಿ ಅಂತ. ಅಲ್ಲಿ ಮಕ್ಕಳಿಗೆ ಮೊದಲು ಕಲಿಸೋದೇ ಇದನ್ನ. ಮೂರರ ತನಕ ಯಾರು ಬೇಕಾದರೂ ಕುಣೀತಾರೆ. ನಾಲ್ಕರಲ್ಲಿ ಸುಮ್ಮನಿರೋಕೆ ಕಲಿಯಬೇಕು.”

ಸುಮ್ಮನಿರುವವರನ್ನು ಗಮನಿಸುವುದೇ ವಸುಂಧರೆಯ ಕೆಲಸವಾಗಿತ್ತು. ಟೋಕಿಯೋ ಪಕ್ಕದ ಉರಯಾಸುವಿನ ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ದುಭಾಷಿಯಾಗಿ ಒಂಬತ್ತು ವರ್ಷ ಇಬ್ಬರ ನಡುವೆ ಕೂತು ಕೂತು, ಮಾತು ಎಲ್ಲಿ ನಿಲ್ಲುತ್ತದೆಂಬುದರ ಮೇಲೆ ಅವಳಿಗೆ ಮಾತಿಗಿಂತ ಹೆಚ್ಚು ನಂಬಿಕೆ ಬಂದಿತ್ತು. ಕನ್ನಡದವರ ಮನೆಗಳಲ್ಲಿ ಏನಾದರೂ ಕಳೆದರೆ ಜನ ಅವಳ ಬಾಗಿಲಿಗೆ ಬರತೊಡಗಿದ್ದೂ ಆ ಕಾರಣಕ್ಕೇ.

ಈ ಸಲ ಕಳೆದಿದ್ದವನು ಗಿರಿಧರ್. ಹನ್ನೊಂದು ದಿನವಾಗಿತ್ತು. ಅವನಾಗಿಯೇ ಹೋದ ವಯಸ್ಕ ಮನುಷ್ಯ ಎಂದು ಪೊಲೀಸರು ಫೈಲು ಮುಚ್ಚಿದ್ದರು. ಕಿವಿ ಕೇಳಿಸದವರಿಗೆ ಯಂತ್ರ ಮಾಡುವ, ನಗೋಯಾ ಹತ್ತಿರದ ಒಕಾಜಾಕಿಯ ಸಣ್ಣ ಕಂಪನಿಯೊಂದರಲ್ಲಿ ಅವನು ಎಂಜಿನಿಯರ್. ಹೆಂಡತಿ ಜಾಹ್ನವಿಯನ್ನೂ ಮಗಳು ಸ್ಫೂರ್ತಿಯನ್ನೂ ಉರಯಾಸುವಿನಲ್ಲಿ ಬಿಟ್ಟು ಇಲ್ಲಿ ಒಂದೇ ಕೋಣೆಯಲ್ಲಿದ್ದ. ಆ ಕೋಣೆಯಲ್ಲಿ, ಅವನ ಕೋಟಿನ ಜೇಬಿನಲ್ಲಿ ಸಿಕ್ಕಿದ್ದು ಒಂದು ಕಾರ್ಡು. ಹಿಗಾಶಿ ಒಕಾಜಾಕಿ ನಿಲ್ದಾಣದ ಹತ್ತಿರ ನೆಲಮಾಳಿಗೆಯಲ್ಲಿರುವ, ಮಾರ್ಲೆನ್ ನಡೆಸುವ ಇದೇ ‘ಗ್ವಾದುವಾ’ ಎಂಬ ಲ್ಯಾಟಿನ್ ನೃತ್ಯದ ಕ್ಲಬ್ಬಿನದು. ಬಂದ ರಾತ್ರಿಗೊಂದರಂತೆ ಒಂಬತ್ತು ಮುದ್ರೆಗಳು.

ಕನ್ನಡ ಕೂಟದಲ್ಲಿ ಗ್ರೂಪ್ ಫೋಟೋಗೆ ಮುಂಚೆಯೇ ಚಪ್ಪಲಿ ಹಾಕಿಕೊಂಡು ಹೊರಡುವ ಮನುಷ್ಯ. ಅವನಿಗೆ ಇಲ್ಲಿ ಒಂಬತ್ತು ರಾತ್ರಿ ಏನು ಕೆಲಸವಿತ್ತು? ರೈಲಿನುದ್ದಕ್ಕೂ ವಸುಂಧರೆಯನ್ನು ಕಾಡಿದ್ದು ಇದೇ. ಭಯಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಅದಕ್ಕಾಗಿ ಸ್ವಲ್ಪ ನಾಚಿಕೆಯೂ ಆಗಿತ್ತು.

ಜಾಹ್ನವಿ ಗೋಡೆಯ ಬೆಂಚಿನ ಮೇಲೆ ಇಬ್ಬರ ಕೈಚೀಲಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಂದಾಗಿನಿಂದ ಮೂರು ಸಲ ಗಡಿಯಾರ ನೋಡಿದ್ದಳು.

“ಬಾ, ಒಂದು ರೌಂಡ್,” ಎಂದು ವಸುಂಧರಾ ಕರೆದಳು.

“ಬೇಡ ಅಕ್ಕಾ. ನನ್ನ ಗಂಡನೇ ಸಿಕ್ತಿಲ್ಲ, ಇಲ್ಲಿ ಕಂಡೋರ ಕೈ ಹಿಡ್ಕೊಂಡು ಕುಣೀಲಾ?”

“ಕುಣಿದೋರು ಮಾತಾಡ್ತಾರೆ. ಕೂತೋರ ಜೊತೆ ಯಾರೂ ಮಾತಾಡಲ್ಲ.”

ಅಲ್ಲಿಯ ತನಕ ಯಾರೂ ಏನೂ ಹೇಳಿರಲಿಲ್ಲ. ಗಿರಿಧರನ ಫೋಟೋ ತೋರಿಸಿದಾಗ ಮಾರ್ಲೆನ್ ಕನ್ನಡಕ ಹಾಕಿಕೊಂಡು ನೋಡಿ, ಭಾರತದವರು ಇಲ್ಲಿಗೆ ಬಂದದ್ದೇ ಇಲ್ಲ ಎಂದಿದ್ದಳು. ಅವಳ ಬೆನ್ನಿನ ಹಿಂದಿನ ಗೋಡೆಯ ತುಂಬ ಗಿರಾಕಿಗಳ ಫೋಟೋಗಳು. ನಡುವೆ ಒಂದು ಕಡೆ ಮಾತ್ರ ಬರಿಯ ಗುಂಡುಸೂಜಿ, ಅದರ ಕೆಳಗೆ ಬಣ್ಣ ಮಾಸದೆ ಉಳಿದ ಒಂದು ಚೌಕ.

ಪಾಠ ಮುಗಿದು ದೀಪ ಕೆಂಪಾಯಿತು. ಹಾಡು ದೊಡ್ಡದಾಯಿತು. ಹೆಂಗಸರು ಬಟ್ಟೆಚೀಲದಿಂದ ನೃತ್ಯದ ಬೂಟು ತೆಗೆದು ಹಾಕಿಕೊಂಡರು. ಅರವತ್ತರ ಆಸುಪಾಸಿನ ಒಬ್ಬರು ವಸುಂಧರೆಯ ಮುಂದೆ ಬಂದು ಬಾಗಿ, ಕೈ ಚಾಚಿದರು.

“ನನ್ನ ಹೆಸರು ಕೊಂದೋ. ನಿಮ್ಮದು ರಬ್ಬರ್ ಅಡಿಯ ಬೂಟು. ನೆಲ ಹಿಡಿಯುತ್ತೆ, ಮಂಡಿ ಜೋಪಾನ.”

ಅವರ ಎಡಗಿವಿಯಲ್ಲಿ ಬೆರಳಿನ ತುದಿಯಷ್ಟು ಚಿಕ್ಕ ಯಂತ್ರವಿತ್ತು. ತಾಳವನ್ನು ಕಿವಿಯಿಂದಲ್ಲ, ಹಲಗೆಯ ನೆಲದಿಂದ ತೆಗೆದುಕೊಳ್ಳುತ್ತೇನೆ ಎಂದರು. ಕುಣಿತ ಹಗುರವಾಗಿತ್ತು. ವಸುಂಧರೆಯ ಕಾಲು ಮತ್ತೆ ನಾಲ್ಕಕ್ಕೆ ಬಿತ್ತು. ಅವರು ನಕ್ಕರು.

“ಪರವಾಗಿಲ್ಲ. ಆ ಇನ್ನೊಬ್ಬರೂ ನಿಮ್ಮ ಹಾಗೇ. ನಾಲ್ಕು ಎಲ್ಲಿ, ಎಂಟು ಎಲ್ಲಿ ಅಂತ ಮೊದಲ ರಾತ್ರಿಯೇ ಕೇಳಿದ್ರು.”

“ಯಾವ ಇನ್ನೊಬ್ಬರು?”

ಕೊಂದೋ ಸಾನ್ ಕೈ ಸಡಿಲವಾಯಿತು. ಕಿವಿಯ ಯಂತ್ರವನ್ನು ಮುಟ್ಟಿಕೊಂಡು, “ಸದ್ದಿನಲ್ಲಿ ಸರಿಯಾಗಿ ಕೇಳಿಸಲ್ಲ,” ಎಂದರು. ಹಾಡು ಮುಗಿಯುವ ಮುಂಚೆಯೇ ಅವಳನ್ನು ಬೆಂಚಿಗೆ ಮರಳಿಸಿ, ಬಾಗಿ, ಅಡುಗೆಕೋಣೆಯ ಪಕ್ಕದ ಓಣಿಯ ಬಾಯಲ್ಲಿ ಹೋಗಿ ನಿಂತರು. ಅಲ್ಲಿಂದ ಹಿಂಬಾಗಿಲು ಕಾಣುತ್ತಿತ್ತು.

ಅರ್ಧ ನಿಮಿಷದ ಹಿಂದೆ ಚೆನ್ನಾಗಿ ಕೇಳಿಸುತ್ತಿತ್ತು ಅವರಿಗೆ.

ವಸುಂಧರಾ ಬಾರಿನ ಕಟ್ಟೆಗೆ ಹೋಗಿ ನಿಂಬೆ ಸೋಡಾ ಕೇಳಿದಳು. ಅದು ಬರುವ ತನಕ ಕಪಾಟು ನೋಡುತ್ತ ನಿಂತಳು. ಈ ದೇಶದ ಬಾರುಗಳಲ್ಲಿ ಅವಳಿಗೆ ಮೊದಲಿನಿಂದಲೂ ಇಷ್ಟವಾದ ಪದ್ಧತಿ ಅದು. ಇಡೀ ಬಾಟಲಿ ಕೊಂಡವರು ಕುಡಿದಷ್ಟು ಕುಡಿದು ಉಳಿದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಬಾಟಲಿಯ ಕುತ್ತಿಗೆಗೆ ಒಂದು ಚೀಟಿ, ಅದರ ಮೇಲೆ ಅವರದೇ ಕೈಯಲ್ಲಿ ಹೆಸರು, ಕೆಳಗೆ ಬಂದುಹೋದ ತಾರೀಖುಗಳನ್ನು ಅಂಗಡಿಯವರು ಬರೆಯುತ್ತಾರೆ. ಮೂರು ತಿಂಗಳು ಬಾರದಿದ್ದರೆ ಬಾಟಲಿಯ ಮೇಲೆ ಹಕ್ಕಿಲ್ಲ. ಮನುಷ್ಯರು ಹೋದ ಮೇಲೂ ಅವರ ಸ್ವಲ್ಪ ಭಾಗ ಸಾಲಾಗಿ ನಿಂತು ಕಾಯುತ್ತಿರುವಂತೆ ಕಾಣುತ್ತಿತ್ತು.

ನೂರು ಬಾಟಲಿಗಳಿರಬಹುದು. ಚೀಟಿಗಳ ಮೇಲೆ ಜಪಾನಿ, ಸ್ಪ್ಯಾನಿಷ್, ಪೋರ್ಚುಗೀಸ್.

ಎರಡನೆಯ ಸಾಲಿನಲ್ಲಿ, ಕಪ್ಪು ರಮ್ಮಿನ ಪಕ್ಕ, ಕನ್ನಡ.

ಅವಳು ಸೋಡಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಸ್ವಂತ ಲಿಪಿಯನ್ನು ಹಾಗೆ ಎದುರುಬದುರು ಕಂಡು ಎಷ್ಟೋ ದಿನವಾಗಿತ್ತು. ಓದುವ ಮುಂಚೆ ಒಂದು ಕ್ಷಣ ಸುಮ್ಮನೆ ನೋಡಿದಳು.

“ಆ ಬಾಟಲಿ ಯಾರದು, ಮಾರ್ಲೆನ್ ಸಾನ್?”

“ಯಾವುದು?”

“ಎರಡನೇ ಸಾಲು. ಬಗ್ಗಡ ಇರೋದು.”

ಲೋಟ ಒರೆಸುತ್ತಿದ್ದ ಬಟ್ಟೆ ನಿಂತಿತು. “ಹಳೇ ಗಿರಾಕಿಯದು. ದೇಶ ಬಿಟ್ಟು ಹೋದರು. ಯಾವ ಭಾಷೆಯೋ, ನನಗೆ ಓದೋಕೆ ಬರಲ್ಲ.”

“ನನಗೆ ಬರುತ್ತೆ. ಗಿರಿಧರ್ ಅಂತ ಬರೆದಿದೆ. ಅದು ನನ್ನ ಭಾಷೆ.”

ಮಾರ್ಲೆನ್ ಗೋಡೆಯಿಂದ ಅವನ ಫೋಟೋ ಕಿತ್ತಿದ್ದಳು. ಗಿರಾಕಿಗಳ ಬಾಯಿ ಮುಚ್ಚಿಸಿದ್ದಳು. ಚೀಟಿಯನ್ನು ಮಾತ್ರ ಬಿಟ್ಟಿದ್ದಳು. ಈ ಊರಿನಲ್ಲಿ ಯಾರಿಗೂ ಓದಲಾಗದ ಅಕ್ಷರವನ್ನು ಬಚ್ಚಿಡುವ ಅಗತ್ಯವೇ ಇಲ್ಲ ಎಂದುಕೊಂಡಿರಬೇಕು.

“ಅವರು ಕುಡಿಯಲ್ಲ,” ಎಂದಳು ವಸುಂಧರಾ. “ಬಾಟಲಿಯಲ್ಲಿ ಏನಿದೆ?”

“ಪನೇಲಾ ನೀರು.”

ಕಟ್ಟೆಯ ಮೂಲೆಯಲ್ಲಿ ಒಣ ಎಲೆಯಲ್ಲಿ ಸುತ್ತಿದ ಒಂದು ಕಂದು ಉಂಡೆಯಿತ್ತು. ಮಾರ್ಲೆನ್ ಅದನ್ನು ಮುಂದೆ ತಳ್ಳಿದಳು. ವಸುಂಧರಾ ಮೂಸಿದಳು. ಬೆಲ್ಲ. ಬೇರೆ ಏನೂ ಅಲ್ಲ, ಅಚ್ಚುಬೆಲ್ಲ.

“ನಮ್ಮಲ್ಲಿ ಇದನ್ನ ನೀರಲ್ಲಿ ಕರಗಿಸಿ ನಿಂಬೆ ಹಿಂಡಿ ಕುಡೀತಾರೆ. ಮೊದಲ ಸಲ ಕೊಟ್ಟಾಗ ಆ ಮನುಷ್ಯ ಲೋಟ ಹಿಡ್ಕೊಂಡು ನಿಂತುಬಿಟ್ಟ. ಆಮೇಲೆ, ನಮ್ಮ ಮನೆಯಲ್ಲೂ ಇದೆ ಅಂದ.”

ಇಷ್ಟು ಹೊತ್ತು ಬಂದೇ ಇಲ್ಲ ಎನ್ನಿಸಿಕೊಂಡಿದ್ದ ಮನುಷ್ಯ ಈಗ ಲೋಟ ಹಿಡಿದು ನಿಂತಿದ್ದ. ವಸುಂಧರಾ ಅದನ್ನು ಎತ್ತಿ ಆಡಲಿಲ್ಲ. “ಸ್ವಲ್ಪ ರುಚಿ ನೋಡಬಹುದಾ?”

“ಹಳೇದು. ಚೀಟಿ ನೋಡಿ.”

ಚೀಟಿಯ ಕೊನೆಯ ತಾರೀಖು ಮೂರು ವಾರದ ಹಿಂದಿನದು. ವಸುಂಧರಾ ಬಾಟಲಿ ತೆಗೆಯುವಂತೆ ಕೈ ಚಾಚಿಯೇ ಇದ್ದಳು. ಕೊನೆಗೆ ಮಾರ್ಲೆನ್ ಇಳಿಸಿದಳು. ತಳದಲ್ಲಿ ಏಲಕ್ಕಿಯ ಕಪ್ಪು ಚುಕ್ಕೆಗಳು. ಒಂದು ಗುಟುಕು ಸಾಕಾಯಿತು. ಬೆಲ್ಲ, ನಿಂಬೆ, ಒಣಶುಂಠಿಯ ಖಾರ. ಇವೆಲ್ಲದರ ಕೆಳಗೆ, ನಾಲಿಗೆಯ ಬುಡದಲ್ಲಿ, ತಣ್ಣಗಿನ ಇನ್ನೇನೋ ಒಂದು. ಎಲ್ಲೋ ಕುಡಿದ ನೆನಪು. ಹೆಸರು ಬರಲಿಲ್ಲ.

“ಮಾರ್ಲೆನ್ ಸಾನ್, ಮೂರು ವಾರದ ಪಾನಕ ಇಷ್ಟು ಹೊತ್ತಿಗೆ ಹುಳಿಯಾಗಿ ನೊರೆ ಬಂದಿರುತ್ತೆ. ಮೂರು ದಿನ ತಡೆಯಲ್ಲ ಇದು. ನೀವು ಇದನ್ನ ರಮ್ಮಿನ ಪಕ್ಕ ಇಟ್ಟಿದ್ದೀರಿ. ಇದು ಇವತ್ತಿನದು. ಅವರು ಎಲ್ಲಿದ್ದಾರೆ?”

ಮಾರ್ಲೆನ್ ಅವಳನ್ನೇ ನೋಡಿದಳು. “ನೀವು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು? ಹೋದ ವಾರ ಸೂಟ್ ಹಾಕ್ಕೊಂಡ ಇಬ್ಬರು ಬಂದಿದ್ರು. ಅವರ ಕೈಲೂ ಇದೇ ಫೋಟೋ ಇತ್ತು.”

“ನಾನು ಅವರ ಹೆಂಡತಿ.”

ಮುರುಕು ಜಪಾನಿಯಲ್ಲಿ ಹೇಳಿದವಳು ಜಾಹ್ನವಿ. ಯಾವಾಗ ಬೆಂಚು ಬಿಟ್ಟು ಬಂದಳೋ, ವಸುಂಧರೆಯ ಹೆಗಲ ಹಿಂದೆ ನಿಂತಿದ್ದಳು. “ಉರಯಾಸುವಿಂದ ಪಾನಕದ ಪಾರ್ಸಲ್ ಕಳಿಸೋಳು ನಾನೇ.”

ಮಾರ್ಲೆನ್ ಮುಖ ಸಡಿಲವಾಯಿತು. ಕಟ್ಟೆಯಾಚೆಯಿಂದ ಕೈ ಚಾಚಿ ಜಾಹ್ನವಿಯ ಕೆನ್ನೆ ಮುಟ್ಟಿದಳು.

ವಸುಂಧರಾ ನಿಧಾನವಾಗಿ ತಿರುಗಿದಳು. “ನಿಂಗೆ ಗೊತ್ತಿತ್ತು.”

“ಅಕ್ಕಾ, ಪ್ಲೀಸ್.”

“ಹನ್ನೊಂದು ದಿನ. ಸ್ಟೇಷನ್‌ನಲ್ಲಿ ನಿನ್ನ ಪಕ್ಕ ಕೂತು ನಿನ್ನ ಅಳು ಕೂಡ ಟ್ರಾನ್ಸ್‌ಲೇಟ್ ಮಾಡಿದೀನಿ ನಾನು.”

“ಅಳು ಸುಳ್ಳಲ್ಲ,” ಎಂದಳು ಜಾಹ್ನವಿ. ಕಣ್ಣು ಒಣಗಿದ್ದವು. “ಎಲ್ಲಿದಾರೆ ಅಂತ ನಂಗೂ ಗೊತ್ತಿಲ್ಲ. ಗೊತ್ತಿದ್ರೆ ನನ್ನ ಮುಖದಲ್ಲೇ ಕಾಣ್ಸುತ್ತೆ ಅಂತ ಅವ್ರೇ ಹೇಳ್ಲಿಲ್ಲ. ಕಂಪನಿ ಹೊಸ ಮೆಷಿನ್ ಇದೆಯಲ್ಲ, ಅದು ಹಾಕ್ಕೊಂಡೋರಿಗೆ ಉಳಿದಿರೋ ಕಿವೀನೂ ಹೋಗ್ತಿದೆ. ಕೊಂದೋ ಸಾನ್ ಬಲಗಿವಿ ಹಾಗೇ ಹೋಯ್ತು. ಆ ರಿಪೋರ್ಟನ್ನ ಕಂಪನಿಯೋರು ಅಳಿಸಿದ್ರು, ಗಿರಿ ಕಾಪಿ ಇಟ್ಕೊಂಡ್ರು. ಸೋಮವಾರ ನಗೋಯಾದಲ್ಲಿ ಲಾಯರ್ ಕೈಗೆ ಕೊಡ್ತಾರೆ. ಅಲ್ಲೀವರೆಗೂ ಯಾರ ಕೈಗೂ ಸಿಗಬಾರದು. ಇನ್ನೆರಡೇ ದಿನ ಅಕ್ಕಾ.”

“ಹಾಗಿದ್ರೆ ನನ್ನನ್ನ ಯಾಕೆ ಹುಡುಕೋಕೆ ಹಚ್ಚಿದೆ?”

“ಹುಡುಕದೆ ಸುಮ್ನೆ ಕೂತಿದ್ರೆ ಜನಕ್ಕೆ ಡೌಟ್ ಬರ್ತಿರ್ಲಿಲ್ವಾ? ಅಶ್ವತ್ಥ್ ಅವ್ರು ದಿನಾ ಬಂದು, ಯಾಕಮ್ಮಾ ಏನೂ ಮಾಡ್ತಿಲ್ಲ ಅಂತ ಕೇಳೋರು.”

ಅಶ್ವತ್ಥ ಪಕ್ಕದ ಬ್ಲಾಕಿನವರು, ಅದೇ ಕಂಪನಿಯ ಟೋಕಿಯೋ ಆಫೀಸಿನಲ್ಲಿದ್ದವರು. ಕೋಟಿನ ಜೇಬಿನಲ್ಲಿ ಕಾರ್ಡು ಹುಡುಕಿ ತಂದುಕೊಟ್ಟವರೂ ಅವರೇ. ಶನಿವಾರವೇ ಹೋಗಿಬನ್ನಿ, ಸ್ಫೂರ್ತಿಯನ್ನು ನಾನೂ ನನ್ನ ಹೆಂಡತಿ ಶಾರದಾನೂ ನೋಡಿಕೊಳ್ಳುತ್ತೇವೆ ಎಂದಿದ್ದರು.

ಮಾರ್ಲೆನ್ ಇಬ್ಬರ ಮುಖವನ್ನೂ ಓದಲು ನೋಡುತ್ತಿದ್ದಳು. ಸಮಾಧಾನದ ದನಿಯಲ್ಲಿ ಹೇಳಿದಳು. “ಚಿಂತೆ ಬೇಡ. ಇವತ್ತಿನ ಪಾರ್ಸಲ್ ಮೂರು ಗಂಟೆಗೆ ತಂಪಾಗೇ ಬಂತು. ತುಂಬಿಸಿಟ್ಟೆ. ಮೇಲೆ ಬೀದಿಯ ಹಲಗೆಯಲ್ಲಿ ‘ಪನೇಲಾ’ ಅಂತ ಬರೆದೆ. ಆರು ಗಂಟೆಗೆ ಆ ದಾರಿಯಲ್ಲಿ ಹೋಗ್ತಾ ನೋಡ್ತಾನೆ. ಎಂಟಕ್ಕೆ ಹಿಂಬಾಗಿಲಿಗೆ ಬಂದು ಕುಡಿದು ಹೋಗ್ತಾನೆ. ಪ್ರತಿ ಸಲದ ಹಾಗೆ.”

ವಸುಂಧರಾ ಕನ್ನಡದಲ್ಲಿ ಹೇಳುವ ಮುಂಚೆಯೇ ಜಾಹ್ನವಿಗೆ ಅರ್ಥವಾಗಿತ್ತು. ಅವಳು ಮಾರ್ಲೆನ್ ಕಡೆ ತಿರುಗಿ ಜಪಾನಿಯಲ್ಲೇ ಹೇಳಿದಳು.

“ನಾನು ಕಳಿಸಿದ್ದು ಮಂಗಳವಾರ. ಆಮೇಲೆ ಏನೂ ಕಳಿಸಿಲ್ಲ.”

ಹಾಡು ಬದಲಾಯಿತು. ಕುಣಿಯುವವರು ಜೋಡಿ ಬದಲಿಸಿಕೊಂಡರು.

ಮಾರ್ಲೆನ್ ಕಟ್ಟೆಯ ಕೆಳಗಿನಿಂದ ರಟ್ಟಿನ ಪೆಟ್ಟಿಗೆ ಎಳೆದಳು. ಕಳಿಸಿದವರ ಜಾಗದಲ್ಲಿ ಜಾಹ್ನವಿಯ ಹೆಸರು, ಉರಯಾಸುವಿನ ಅವಳ ಮನೆಯ ವಿಳಾಸ. ಜಪಾನಿ ಅಕ್ಷರಗಳು ಅಚ್ಚುಕಟ್ಟಾಗಿದ್ದವು. ಜಾಹ್ನವಿಗೆ ಅಷ್ಟು ಚೆನ್ನಾಗಿ ಬರೆಯಲು ಬರುತ್ತಿರಲಿಲ್ಲ.

“ಮಂಗಳವಾರ ಯಾರು ಬರೆದುಕೊಟ್ಟಿದ್ದು?” ಎಂದು ವಸುಂಧರಾ ಕೇಳಿದಳು.

“ಕೊಂಬಿನಿ ಅಂಗಡೀಲಿ, ಶಾರದಾ ಆಂಟಿ. ಕಸಿನ್‌ಗೆ ಕಳಿಸ್ತಿದೀನಿ ಅಂದಿದ್ದೆ.”

“ಇದನ್ನ ಕುಡಿ.”

ಜಾಹ್ನವಿ ಲೋಟ ತುಟಿಗೆ ಮುಟ್ಟಿಸಿ, ತಕ್ಷಣ ತೆಗೆದಳು. “ಪಚ್ಚಕರ್ಪೂರ. ನಮ್ಮನೇಲಿ ಹಾಕಲ್ಲ ಅಕ್ಕಾ. ಗಿರಿಗೆ ತಲೆನೋವು ಬರುತ್ತೆ.”

ನಾಲಿಗೆಯ ಬುಡದ ತಣ್ಣಗಿನದಕ್ಕೆ ಹೆಸರು ಸಿಕ್ಕಿತು. ಹೆಸರಿನ ಹಿಂದೆಯೇ ಜಾಗವೂ ಬಂತು. ಉರಯಾಸುವಿನ ಸಮುದಾಯ ಭವನ, ಈ ವರ್ಷದ ರಾಮನವಮಿ, ಕಾಗದದ ಲೋಟಗಳು. ಶಾರದಾ ಸೆರಗಿನ ಮರೆಯಿಂದ ಪುಟ್ಟ ಬೆಳ್ಳಿ ಡಬ್ಬಿ ತೆಗೆದು, “ಒಂದೇ ಚಿಟಿಕೆ ಕಣ್ರೀ, ಮೇಲುಕೋಟೆಯಿಂದ ತರಿಸಿದ್ದು, ಇಡೀ ಜಪಾನಲ್ಲಿ ನಮ್ಮನೇಲಿ ಮಾತ್ರ ಇರೋದು,” ಎಂದು ನಕ್ಕಿದ್ದರು. ಎಲ್ಲರೂ ಎರಡೆರಡು ಲೋಟ ಕುಡಿದಿದ್ದರು. ಪಾನಕ ಎಂದರೆ ಹೀಗೆಯೇ ಇರಬೇಕೆಂದು ಅವರ ಕೈ ಈ ಸಲವೂ ಅಭ್ಯಾಸದಿಂದ ಆ ಡಬ್ಬಿಗೇ ಹೋಗಿತ್ತು.

ವಸುಂಧರಾ ಏನೂ ಹೇಳಬೇಕಾಗಲಿಲ್ಲ. ಜಾಹ್ನವಿ ಆಗಲೇ ಮಗಳಿಗೆ ಫೋನು ಒತ್ತುತ್ತಿದ್ದಳು. ಸ್ಪೀಕರಿನಲ್ಲಿ ಹಾಕಿ, ಇಬ್ಬರೂ ತಲೆ ತಗ್ಗಿಸಿ ಓಣಿಗೆ ಸರಿದರು. ಕೊಂದೋ ಸಾನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಅಮ್ಮಾ? ಮೋಶಿ ಮೋಶಿ.”

“ಪುಟ್ಟಾ, ಊಟ ಆಯ್ತಾ?”

“ಆಯ್ತು. ಕರೀ ರೈಸ್. ಅಪ್ಪ ಸಿಕ್ಕಿದ್ರಾ?”

“ಅಶ್ವತ್ಥ್ ಅಂಕಲ್‌ಗೆ ಫೋನ್ ಕೊಡು.”

“ಅಂಕಲ್ ಇಲ್ಲ. ಮಾರ್ನಿಂಗೇ ಹೋದ್ರು, ಶಿಂಕಾನ್ಸೆನ್ ಟ್ರೈನ್‌ನಲ್ಲಿ.” ಹುಡುಗಿಯ ದನಿ ಸಂಶಯದಿಂದ ಎಳೆಯಿತು. “ನಿಮ್ ಜೊತೆ ಇಲ್ವಾ? ಅಮ್ಮನಿಗೆ ಹೆಲ್ಪ್ ಮಾಡ್ತೀನಿ ಅಂದ್ರು.”

“ಆಂಟಿ ಎಲ್ಲಿ?”

“ಕಿಚನ್‌ನಲ್ಲಿ. ಲೈಟ್ ಹಾಕಿಲ್ಲ. ಕ್ರೈ ಮಾಡ್ತಿದಾರೆ. ನಾಂದೆ, ಅಮ್ಮಾ? ವೈ?”

ಓಣಿಯ ಗೋಡೆಗಡಿಯಾರ ಎಂಟಕ್ಕೆ ನಾಲ್ಕು ನಿಮಿಷವಿದೆ ಎನ್ನುತ್ತಿತ್ತು.

“ಅವರಿಗೆ ಫೋನ್ ಮಾಡಿ, ಬರಬೇಡಿ ಅನ್ನಿ,” ವಸುಂಧರಾ ಹಿಂದೆಯೇ ಬಂದಿದ್ದ ಮಾರ್ಲೆನ್‌ಗೆ ಹೇಳಿದಳು.

“ಫೋನ್ ಇಲ್ಲ. ಹಲಗೆ ಒಂದೇ. ಅದನ್ನ ಆರಕ್ಕೇ ನೋಡಿಯಾಗಿದೆ.” ಮಾರ್ಲೆನ್ ದನಿ ಇಳಿದಿತ್ತು. “ಆದರೆ ಬಾಗಿಲು ನಾನು ಹಾಗೇ ತೆಗೆಯಲ್ಲ. ಅವನದೇ ಒಂದು ತಟ್ಟುವಿಕೆ ಇದೆ. ನಾನು ಹೇಳಿಕೊಟ್ಟ ಪಾಠ. ಮೂರು ತಟ್ಟು, ಒಂದು ಎಣಿಕೆ ಸುಮ್ಮನೆ, ಮತ್ತೆ ಮೂರು. ಹಾಗಲ್ಲದಿದ್ದರೆ ತೆಗೆಯಬೇಡಿ ಅಂತ ಅವನೇ ಹೇಳಿದ್ದು.”

ಹಿಂಬಾಗಿಲು ಕಬ್ಬಿಣದ್ದು, ಬೂದು ಬಣ್ಣದ್ದು. ಅದರಾಚೆ ಮೇಲಿನ ಗಲ್ಲಿಗೆ ಹತ್ತುವ ಹನ್ನೆರಡು ಮೆಟ್ಟಿಲು. ಹಾಡಿನ ಸದ್ದಿನಲ್ಲಿ ಹೊರಗಿನದೇನೂ ಕೇಳುತ್ತಿರಲಿಲ್ಲ. ಕೊಂದೋ ಸಾನ್ ಮುಂದೆ ಹೋಗಿ ಬಾಗಿಲಿಗೆ ಅಂಗೈ ಒತ್ತಿ ನಿಂತರು. ನೆಲದಿಂದ ತಾಳ ತೆಗೆದುಕೊಳ್ಳುವ ಮನುಷ್ಯ.

“ಯಾರೋ ಇಳೀತಿದ್ದಾರೆ,” ಎಂದರು.

ಜಾಹ್ನವಿ ವಸುಂಧರೆಯ ಮಣಿಕಟ್ಟು ಹಿಡಿದಳು. ಫೋನಿನಲ್ಲಿ ಸ್ಫೂರ್ತಿ ಇನ್ನೂ ಅಮ್ಮನನ್ನು ಕರೆಯುತ್ತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು.

ಒಂದು. ಎರಡು. ಮೂರು.

ಜಾಹ್ನವಿಯ ಉಸಿರು ಹೊರಬಂತು, ಅವಳ ಕೈ ಚಿಲಕದ ಕಡೆ ಹೋಯಿತು. ವಸುಂಧರಾ ಆ ಕೈಯನ್ನು ಹಿಡಿದು ನಿಲ್ಲಿಸಿ, ಸುಮ್ಮನಿರಬೇಕಾದ ಆ ಒಂದು ಎಣಿಕೆಗಾಗಿ ಕಾದಳು.

ನಾಲ್ಕನೆಯದೂ ಬಿತ್ತು.